ದಾಖಲೆಗೆ ಕಾಣದ ನೆಲ: ಅಮೆರಿಕದ ಪಶ್ಚಿಮ, ಕಮಲಾಪುರದ ತಾಂಡಾ

ಕಲಬುರಗಿ ನಗರದಿಂದ ಹುಮನಾಬಾದಿನತ್ತ ಹೊರಟವರಿಗೆ ಕಮಲಾಪುರ ಕೆಂಪು ಬಾಳೆಯ ಊರೆಂದೇ ಪರಿಚಿತ. ಆದರೆ ಈ ತಾಲ್ಲೂಕಿನಲ್ಲಿ ಚದುರಿರುವ ಲಂಬಾಣಿ ತಾಂಡಾಗಳ ಪರಿಚಯ, ದಾರಿಹೋಕರ ಮಾತಿರಲಿ, ಕಂದಾಯ ಇಲಾಖೆಯ ಪುಸ್ತಕಕ್ಕೂ ಸರಿಯಾಗಿ ಇರಲಿಲ್ಲ. ಜಿಲ್ಲೆಯ ನೂರಾರು ತಾಂಡಾಗಳಲ್ಲಿ ಮನೆಯಿತ್ತು, ಸೇವಾಲಾಲರ ಗುಡಿಯಿತ್ತು, ಮತದಾರರ ಪಟ್ಟಿಯಿತ್ತು. ಸರ್ಕಾರಿ ಭಾಷೆಯಲ್ಲಿ ಮಾತ್ರ ಅವು ‘ದಾಖಲೆ ರಹಿತ ಜನವಸತಿ’.

ಜನ ಬದುಕುತ್ತಿರುವ ನೆಲವನ್ನು ಕಾಗದವು ಬರಿದೆಂದು ಬಗೆಯುವ ಈ ಕ್ರಮ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕವು ಇಂತಹ ನಂಬಿಕೆಯ ಬಲದಿಂದಲೇ ಒಂದು ಖಂಡದುದ್ದಕ್ಕೂ ಹಬ್ಬಿತು.

1803ರಲ್ಲಿ ಅಮೆರಿಕವು ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು 1.5 ಕೋಟಿ ಡಾಲರಿಗೆ ಕೊಂಡಿತು. ಅಲ್ಲಿದ್ದ ಮೂಲನಿವಾಸಿಗಳನ್ನು ಮಾರಿದವರೂ ಕೇಳಲಿಲ್ಲ, ಕೊಂಡವರೂ ಕೇಳಲಿಲ್ಲ. 1845ರಲ್ಲಿ ಪತ್ರಕರ್ತ ಜಾನ್ ಓ’ಸಲಿವನ್ ಈ ವಿಸ್ತರಣೆಯನ್ನು ಸಮರ್ಥಿಸುತ್ತ ‘ಮ್ಯಾನಿಫೆಸ್ಟ್ ಡೆಸ್ಟಿನಿ’ ಎಂಬ ಮಾತನ್ನು ಬಳಸಿದರು. ಖಂಡವನ್ನು ವ್ಯಾಪಿಸುವುದು ಅಮೆರಿಕನ್ನರಿಗೆ ದೈವವೇ ವಹಿಸಿದ ಕಾರ್ಯ ಎಂಬುದು ಅದರ ತಾತ್ಪರ್ಯ. ದೈವದ ಹೆಸರಿಗಿಂತ ಹೆಚ್ಚು ಕೆಲಸ ಮಾಡಿದ್ದು ಅದರ ಅಡಿಯಲ್ಲಿದ್ದ ಲೌಕಿಕ ನಂಬಿಕೆ. ನೇಗಿಲು ಹೂಡಿ ಬೇಲಿ ಹಾಕಿದವನೇ ಭೂಮಿಯ ಒಡೆಯ, ಅಲೆದು ಬದುಕುವವನಿಗೆ ನೆಲದ ಮೇಲೆ ಹಕ್ಕಿಲ್ಲ ಎಂಬುದೇ ಅದು. ಹಾಗೆಂದು ಉತ್ತವರೆಲ್ಲರಿಗೂ ನೆಲ ದಕ್ಕಲಿಲ್ಲ. ಚೆರೋಕಿ ಜನರು ಹೊಲ ಮಾಡಿಕೊಂಡಿದ್ದರು, ಸ್ವಂತ ಲಿಪಿಯಲ್ಲಿ ಪತ್ರಿಕೆಯನ್ನೂ ಹೊರಡಿಸಿದ್ದರು. 1838ರಲ್ಲಿ ಸೈನಿಕರು ಅವರನ್ನು ಮನೆಗಳಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದರು. ಸಾವಿರಾರು ಮಂದಿ ಮಡಿದರು.

ಬಿಳಿಯ ವಲಸಿಗರ ವಿಷಯದಲ್ಲಿ ಕಾನೂನು ಎಷ್ಟು ಉದಾರವಾಗಿತ್ತು ಎಂಬುದು ಗಮನಾರ್ಹ. ಸರ್ಕಾರಿ ಜಮೀನಿನಲ್ಲಿ ಅಪ್ಪಣೆಯಿಲ್ಲದೆ ನೆಲೆಯೂರಿದವನು ಹರಾಜಿಗೆ ಮೊದಲೇ 160 ಎಕರೆಯನ್ನು ಎಕರೆಗೆ 1.25 ಡಾಲರಿನಂತೆ ಕೊಳ್ಳಲು 1841ರ ಕಾಯ್ದೆ ಅವಕಾಶ ನೀಡಿತು. 1862ರ ಹೋಮ್‌ಸ್ಟೆಡ್ ಕಾಯ್ದೆಯು ಐದು ವರ್ಷ ವಾಸವಿದ್ದು ಉತ್ತವನಿಗೆ ಅಷ್ಟೇ ಭೂಮಿಯನ್ನು ಅಲ್ಪ ಶುಲ್ಕಕ್ಕೆ ಬರೆದುಕೊಟ್ಟಿತು. ಕರ್ನಾಟಕದಲ್ಲಿ ಬಗರ್ ಹುಕುಂ ಎನಿಸಿಕೊಳ್ಳುವ ಸಾಗುವಳಿ ಅಲ್ಲಿ ರಾಷ್ಟ್ರ ಕಟ್ಟುವ ಸಾಹಸವೆನಿಸಿತು.

ಕಮಲಾಪುರದ ಕಥೆಯ ಪಾತ್ರಗಳು ಬೇರೆ. ಲಂಬಾಣಿಗರು, ಅರ್ಥಾತ್ ಬಂಜಾರರು, ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶ ಸುತ್ತಿದ ಸಾಗಣೆದಾರರು. ಸೈನ್ಯಗಳಿಗೆ ದವಸ ಒದಗಿಸುತ್ತಿದ್ದವರೂ ಅವರೇ. 1632ರಲ್ಲಿ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಉತ್ತರ ಭಾರತದಲ್ಲಿ ಕಂಡ ಒಂದು ತಾಂಡಾದಲ್ಲಿ 14,000 ಎತ್ತುಗಳಿದ್ದವು. ಇಷ್ಟು ದೊಡ್ಡ ಸಾರಿಗೆಯನ್ನು ಒಂದೆಡೆ ನಿಲ್ಲಿಸಿದ್ದು ರಸ್ತೆ ಮತ್ತು ರೈಲು. ಮುಂಬಯಿಯಿಂದ ಹೊರಟ ಹಳಿ ಕಲಬುರಗಿಯನ್ನು ದಾಟಿ 1871ರಲ್ಲಿ ರಾಯಚೂರಿನ ಬಳಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. ಅಮೆರಿಕದಲ್ಲಿ 1869ರಲ್ಲಿ ಪೂರ್ಣಗೊಂಡ ಖಂಡಾಂತರ ರೈಲುಮಾರ್ಗದ ಬೆನ್ನಿಗೆ ಬೇಟೆಗಾರರು ಬಂದು, ಬಯಲುಸೀಮೆಯ ಮೂಲನಿವಾಸಿಗಳಿಗೆ ಆಧಾರವಾಗಿದ್ದ ಕಾಡೆಮ್ಮೆಗಳ ಹಿಂಡುಗಳನ್ನು ನಿರ್ನಾಮದ ಅಂಚಿಗೆ ತಂದರು. ಇಲ್ಲಿ ಎತ್ತುಗಳನ್ನು ಯಾರೂ ಕೊಲ್ಲಲಿಲ್ಲ. ಅವುಗಳ ಬೆನ್ನಿಗೆ ಹೇರು ಸಿಗದಂತಾಯಿತು.

ಅದೇ 1871 ಇನ್ನೆರಡು ಕಾರಣಗಳಿಗೂ ನೆನಪಿಡತಕ್ಕ ವರ್ಷ. ಮಾರ್ಚಿಯಲ್ಲಿ ಅಮೆರಿಕದ ಸಂಸತ್ತು, ಮೂಲನಿವಾಸಿ ಬುಡಕಟ್ಟುಗಳನ್ನು ಇನ್ನು ಸ್ವತಂತ್ರ ರಾಷ್ಟ್ರಗಳೆಂದು ಪರಿಗಣಿಸಿ ಒಪ್ಪಂದ ಮಾಡಿಕೊಳ್ಳುವುದಿಲ್ಲವೆಂದು ಶಾಸನ ಮಾಡಿತು. ಅಕ್ಟೋಬರಿನಲ್ಲಿ ಬ್ರಿಟಿಷ್ ಇಂಡಿಯಾದ ಅಪರಾಧಿ ಬುಡಕಟ್ಟು ಕಾಯ್ದೆ ಬಂದಿತು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಅದು 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ವಿಸ್ತರಿಸಿತು. ಹಲವೆಡೆ ಲಂಬಾಣಿಗರನ್ನೂ ಅದರ ಪಟ್ಟಿಗೆ ಸೇರಿಸಲಾಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಗೆ ಆ ಕಾಯ್ದೆ ನೇರವಾಗಿ ಅನ್ವಯಿಸದಿದ್ದರೂ, ಅಲೆಮಾರಿಯನ್ನು ಶಂಕಿಸುವ ನೋಟಕ್ಕೆ ಸಂಸ್ಥಾನದ ಗಡಿ ಅಡ್ಡಿಯಾಗಲಿಲ್ಲ. ಕಾಯ್ದೆ ರದ್ದಾದುದು 1952ರಲ್ಲಿ.

ಹೋಲಿಕೆಯನ್ನು ಇನ್ನೂ ಎಳೆಯುವುದು ನ್ಯಾಯವಲ್ಲ. ಲಂಬಾಣಿಗರ ಭೂಮಿಯನ್ನು ಕಿತ್ತುಕೊಳ್ಳಲು ಯಾವ ಸೈನ್ಯವೂ ಇಲ್ಲಿಗೆ ಬರಲಿಲ್ಲ. ಮೂಲನಿವಾಸಿಗಳೆಲ್ಲರಿಗೂ ಅಮೆರಿಕದ ಪೌರತ್ವ ದೊರೆತದ್ದು 1924ರಲ್ಲಿ. ತಾಂಡಾದವರು ಗಣರಾಜ್ಯದ ಮೊದಲ ಚುನಾವಣೆಯಿಂದಲೂ ಮತದಾರರು. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮುನ್ನ ಕಮಲಾಪುರ ಹೆಸರಿನ ಮೀಸಲು ಕ್ಷೇತ್ರವೇ ಇದ್ದು, ಬಂಜಾರ ಸಮುದಾಯದ ರೇವೂ ನಾಯಕ ಬೆಳಮಗಿ ಅಲ್ಲಿಂದ ಶಾಸಕರಾಗಿದ್ದರು. ಮತ ಮೊದಲು ಬಂದು ಹಕ್ಕುಪತ್ರ ದಶಕಗಳ ನಂತರ ಬಂದದ್ದು ಇಲ್ಲಿನ ವಿಚಿತ್ರ. ಮೀಸಲಾತಿಯ ಪಟ್ಟಿಯೂ ಅಷ್ಟೇ ವಿಚಿತ್ರವಾಗಿದೆ: ಇದೇ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿಯಾಚೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ.

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆ ರಹಿತ ಜನವಸತಿಗಳು ಕಂದಾಯ ಗ್ರಾಮಗಳಾಗಿ, 50 ಸಾವಿರಕ್ಕೂ ಹೆಚ್ಚು ಕುಟುಂಬಗಳು ಫಲಾನುಭವಿಗಳಾದವು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ 1,11,111 ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಸಮಾವೇಶ ನಡೆಸಿತು.

ಹಕ್ಕುಪತ್ರವೊಂದೇ ರಕ್ಷೆಯಲ್ಲ ಎಂಬುದನ್ನೂ ಅಮೆರಿಕದ ಅನುಭವ ತೋರಿಸಿದೆ. 1887ರ ಡಾಸ್ ಕಾಯ್ದೆ ಬುಡಕಟ್ಟುಗಳ ಸಾಮೂಹಿಕ ಭೂಮಿಯನ್ನು ವ್ಯಕ್ತಿಗಳ ಹೆಸರಿಗೆ ಹಂಚಿ, ‘ಉಳಿದದ್ದನ್ನು’ ಹೊರಗಿನವರಿಗೆ ತೆರೆಯಿತು. 1934ರ ವೇಳೆಗೆ ಅವರ ಭೂಮಿ ಸುಮಾರು 13.8 ಕೋಟಿ ಎಕರೆಯಿಂದ 4.8 ಕೋಟಿ ಎಕರೆಗೆ ಕುಸಿದಿತ್ತು. ಕರ್ನಾಟಕದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಇರುವುದು ಸಮಾಧಾನದ ಸಂಗತಿ.

ಆದರೆ ತಾಂಡಾಕ್ಕೆ ಬಂದ ಹಕ್ಕುಪತ್ರ ಮನೆ ಮತ್ತು ಅದರ ಸುತ್ತಲಿನ ಜಾಗದ್ದು, ಹೊಲದ್ದಲ್ಲ. ಬಗರ್ ಹುಕುಂ ಸಾಗುವಳಿಯ ಸಕ್ರಮಕ್ಕೆ ಬೇರೆ ಅರ್ಜಿ, ಬೇರೆ ಸಮಿತಿ. ಅರಣ್ಯದಂಚಿನ ಜಮೀನಾದರೆ ಅದಕ್ಕೆ ಬೇರೆಯೇ ಇಲಾಖೆ. ಹೊಲ ಸಾಲದ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಪುಣೆ, ಮುಂಬಯಿಗಳ ದಾರಿ ಹಿಡಿಯುತ್ತವೆ. ಹಕ್ಕುಪತ್ರ ಪಡೆದ ಮನೆಗೆ ಆ ತಿಂಗಳುಗಳಲ್ಲಿ ವೃದ್ಧರು, ಮಕ್ಕಳು ಕಾವಲು, ಇಲ್ಲವೇ ಬೀಗ.