ಆಫ್ರಿಕದ ಶಿಕಾರಿಗೆ ಯಾವ ಕೋವಿ?

ಈ ವರ್ಷ ನಮ್ಮ ಇಂಗ್ಲಿಷ್ ತರಗತಿಯಲ್ಲಿ ಹೆಮಿಂಗ್ವೇಯ ಒಂದು ಕಥೆ ಪಾಠವಾಯಿತು. 1936ರಲ್ಲಿ ಪ್ರಕಟವಾದ, ಫ್ರಾನ್ಸಿಸ್ ಮಕೋಂಬರ್ ಎಂಬವನ ಕಥೆ. ಗೊತ್ತಿಲ್ಲದವರಿಗೆ ಎರಡು ಮಾತು: ಅಮೆರಿಕದ ಒಬ್ಬ ಶ್ರೀಮಂತ ಹೆಂಡತಿಯನ್ನು ಕಟ್ಟಿಕೊಂಡು ಪೂರ್ವ ಆಫ್ರಿಕಕ್ಕೆ ಶಿಕಾರಿಗೆ ಹೋಗುತ್ತಾನೆ. ಸಿಂಹಕ್ಕೆ ಗುಂಡು ಹೊಡೆದು ಗಾಯ ಮಾಡುತ್ತಾನೆ. ಅದು ಹುಲ್ಲೊಳಗೆ ಹೊಕ್ಕು ಕೂರುತ್ತದೆ. ಹುಡುಕಿಕೊಂಡು ಹೋದಾಗ ಮೇಲೆ ನುಗ್ಗುತ್ತದೆ, ಈತ ಓಟ ಕೀಳುತ್ತಾನೆ. ಜೊತೆಗಿದ್ದ ವೃತ್ತಿಪರ ಶಿಕಾರಿ ವಿಲ್ಸನ್ ಅದನ್ನು ಮುಗಿಸುತ್ತಾನೆ. ಕಥೆಯಲ್ಲಿ ಮೂರು ಕೋವಿಗಳ ಹೆಸರು ಬರುತ್ತದೆ. ಮಕೋಂಬರನದು .30-06 ಸ್ಪ್ರಿಂಗ್‌ಫೀಲ್ಡ್, ವಿಲ್ಸನ್ನನದು .505 ಗಿಬ್ಸ್, ಹೆಂಡತಿಯ ಕೈಗೆ ಕೊನೆಯಲ್ಲಿ ಬರುವುದು 6.5 ಮ್ಯಾನ್‌ಲಿಕರ್. ನಮ್ಮ ಮೇಷ್ಟ್ರು ಧೈರ್ಯ, ಹೇಡಿತನ, ದಾಂಪತ್ಯ ಎಲ್ಲದರ ಬಗ್ಗೆ ಚೆನ್ನಾಗಿ ಹೇಳಿದರು. ಕೋವಿಗಳ ವಿಷಯಕ್ಕೆ ಮಾತ್ರ ಹೋಗಲಿಲ್ಲ.

ಕ್ಯಾಂಟೀನಿನಲ್ಲಿ ಅದನ್ನೇ ಎತ್ತಿದೆ. "ಅದ್ರಲ್ಲಿ ಹೇಳೋಕೇನಿದೆ ಮಾರಾಯ? ಆನೆಗೆ ದೊಡ್ಡ ಕೋವಿ, ಜಿಂಕೆಗೆ ಸಣ್ಣ ಕೋವಿ. ಮುಗೀತಲ್ಲ" ಅಂದ ನಮ್ಮ ಧಾರವಾಡದ ಗೆಳೆಯ. ಆವತ್ತು ಉತ್ತರ ಕೊಡಲಾಗದೆ ಚಹಾದ ದುಡ್ಡು ನಾನೇ ಕೊಟ್ಟೆ. ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಕೆನ್ಯಾ ದೇಶವೂ 1977ರಲ್ಲಿ ಶಿಕಾರಿ ನಿಲ್ಲಿಸಿತು. ಆದರೆ ದಕ್ಷಿಣ ಆಫ್ರಿಕ, ನಮೀಬಿಯ, ಟಾಂಜಾನಿಯ, ಜಿಂಬಾಬ್ವೆಗಳಲ್ಲಿ ಪರವಾನಗಿ ಪಡೆದು ಬೇಟೆಯಾಡುವುದು ಇವತ್ತಿಗೂ ಕಾನೂನಿಗೆ ಒಪ್ಪಿತ. ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ, ಅದಕ್ಕೆ ಚರ್ಚಾಕೂಟವಿದೆ. ಕೋವಿ ಆರಿಸುವಾಗ ಅವರು ಏನು ಯೋಚಿಸುತ್ತಾರೆ ಎಂಬುದಷ್ಟೇ ಇಲ್ಲಿಯ ವಿಷಯ.

ಕ್ಯಾಲಿಬರ್ ಅಂದರೆ ಏನು? ಸ್ಥೂಲವಾಗಿ ಹೇಳಿದರೆ ನಳಿಗೆಯ ಒಳವ್ಯಾಸ. .375 ಅಂದರೆ ಒಂದು ಇಂಚಿನ ಸಾವಿರದಲ್ಲಿ 375 ಪಾಲು, ಮಿಲಿಮೀಟರಿನಲ್ಲಿ ಸುಮಾರು ಒಂಬತ್ತೂವರೆ. ಗುಂಡಿನ ತೂಕವನ್ನು ಗ್ರೇನ್ ಎಂಬ ಹಳೆಯ ಅಳತೆಯಲ್ಲಿ ಹೇಳುತ್ತಾರೆ. 7,000 ಗ್ರೇನಿಗೆ ಒಂದು ಪೌಂಡು. 300 ಗ್ರೇನಿನ ಗುಂಡು ಅಂದರೆ ಹತ್ತೊಂಬತ್ತು ಗ್ರಾಂ ಚಿಲ್ಲರೆ.

ಹಾಗಾದರೆ ನಳಿಗೆ ದಪ್ಪವಾದಷ್ಟೂ ಒಳ್ಳೆಯದೇ? ಇಲ್ಲ. ಇದಕ್ಕೆ ನಮಗೆ ಗೊತ್ತಿರುವ ಕೋವಿಯೇ ಸಾಕ್ಷಿ. ತೇಜಸ್ವಿಯವರ 'ಕಾಡಿನ ಕಥೆಗಳು' ಓದದ ಕನ್ನಡಿಗ ವಿದ್ಯಾರ್ಥಿ ಅಪರೂಪ. ಅದರ ಮೂಲ ಲೇಖಕ ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೊತ್ತು ತಿರುಗಿದ್ದು .405 ವಿಂಚೆಸ್ಟರ್ ರೈಫಲ್. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಕ್ಕೆ ಹೋದಾಗ ಸಿಂಹಕ್ಕೆಂದು ಮೆಚ್ಚಿ ಬಳಸಿದ್ದೂ ಅದನ್ನೇ. ಅದರ ಗುಂಡಿನ ತೂಕ 300 ಗ್ರೇನ್. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ತಂದ .375 ಮ್ಯಾಗ್ನಂ ಗುಂಡಿಗೂ ತೂಕ 300 ಗ್ರೇನೇ. ತೂಕ ಒಂದೇ, ಆದರೆ .375ರದು ಸಣ್ಣಗೆ ಉದ್ದ, .405ರದು ದಪ್ಪಗೆ ಗಿಡ್ಡ. ಜೊತೆಗೆ .375 ಹೆಚ್ಚು ವೇಗವಾಗಿ ಹೋಗುತ್ತದೆ. ಗೋಣಿಚೀಲಕ್ಕೆ ದಬ್ಬಣ ಚುಚ್ಚಿದಂತೆ ಹೆಬ್ಬೆರಳು ಚುಚ್ಚಲು ಆಗುತ್ತದೆಯೇ? ಹಾಗೇ ಇದೂ. ಹುಲಿ, ಸಿಂಹಗಳಂಥ ತೆಳು ಚರ್ಮದ ಪ್ರಾಣಿಗೆ .405 ಸಾಕು. ದಪ್ಪ ಚರ್ಮ, ದಪ್ಪ ಮೂಳೆಯ ಪ್ರಾಣಿಯಾದರೆ ಒಳಗೆ ಸಾಕಷ್ಟು ದೂರ ಹೋಗುವುದಿಲ್ಲ. ರೂಸ್‌ವೆಲ್ಟ್ ಕೂಡ ಅದೊಂದನ್ನೇ ನಂಬಲಿಲ್ಲ. ಆನೆ, ಖಡ್ಗಮೃಗಗಳಿಗೆಂದು ಹಾಲೆಂಡ್ ಕಂಪನಿಯದೇ ಒಂದು ಭಾರೀ ಜೋಡಿನಳಿಗೆ ರೈಫಲನ್ನೂ, ಉಳಿದದ್ದಕ್ಕೆ .30-06 ಸ್ಪ್ರಿಂಗ್‌ಫೀಲ್ಡನ್ನೂ ಒಯ್ದಿದ್ದ.

ಇಲ್ಲಿಗೆ ಗೆಳೆಯನ ಸೂತ್ರ ಅರ್ಧ ಮುರಿಯಿತು. ಗುಂಡು ಎಷ್ಟು ದಪ್ಪ ಎನ್ನುವುದಕ್ಕಿಂತ ಜೀವಸ್ಥಾನದ ತನಕ ಮುಟ್ಟುತ್ತದೆಯೇ ಎನ್ನುವುದು ಮುಖ್ಯ.

ಕಾನೂನು ಈ ಲೆಕ್ಕವನ್ನು ಶಕ್ತಿಯಲ್ಲಿ ಅಳೆಯುತ್ತದೆ. ನಮೀಬಿಯದ ನಿಯಮ ನೋಡಿ: ಸ್ಪ್ರಿಂಗ್‌ಬಕ್‌ನಂಥ ಸಣ್ಣ ಜಿಂಕೆಗೆ ನಳಿಗೆಯ ಬಾಯಲ್ಲಿ ಕನಿಷ್ಠ 1,350 ಜೂಲ್ ಇರಬೇಕು, ಕೂಡು, ಓರಿಕ್ಸ್, ಎಲಾಂಡ್‌ಗಳಂಥ ದೊಡ್ಡ ಜಿಂಕೆಗಳಿಗೆ 2,700, ಆನೆ, ಕಾಡೆಮ್ಮೆಗಳಿಗೆ 5,400. (ಈ ಕಾಡೆಮ್ಮೆ ನಮ್ಮ ಕಾಟಿಯಲ್ಲ, ಬೇರೆ ಪ್ರಾಣಿ.) 5,400 ಜೂಲ್ ಅಂದರೆ ಎಷ್ಟು? 55 ಕಿಲೋ ತೂಕದ ಒಬ್ಬ ವಿದ್ಯಾರ್ಥಿ ಹತ್ತು ಮೀಟರ್ ಮೇಲೆ ಹತ್ತುವ ಕೆಲಸ, ಅಂದರೆ ಹೆಚ್ಚುಕಡಿಮೆ ನಮ್ಮ ಕಾಲೇಜಿನ ಮೂರನೇ ಮಹಡಿ. ನಮಗೆ ಒಂದು ನಿಮಿಷ ಹಿಡಿಯುವ ಈ ಕೆಲಸದ ಶಕ್ತಿಯೆಲ್ಲ ಹೆಬ್ಬೆರಳಿನಷ್ಟು ಲೋಹದಲ್ಲಿ ಕೂತು ಕಣ್ಣು ಮಿಟುಕಿಸುವುದರೊಳಗೆ ಬಂದು ಬಡಿಯುತ್ತದೆ. .30-06ರ ಶಕ್ತಿ ಸುಮಾರು 3,900 ಜೂಲ್. .375ರದು ಸುಮಾರು 5,700. ಕಾನೂನಿನ ಗೆರೆಯನ್ನು .375 ಸ್ವಲ್ಪದರಲ್ಲಿ ದಾಟುತ್ತದೆ. ಹಾಗಾಗಿಯೇ ಆಫ್ರಿಕದ ಹಲವು ದೇಶಗಳಲ್ಲಿ ಅಪಾಯದ ಪ್ರಾಣಿಗಳಿಗೆ .375 ಎಂಬುದೇ ಕೆಳಗಿನ ಮಿತಿ ಎನಿಸಿಕೊಂಡಿದೆ.

"ಹಾಗಾದ್ರೆ ಬೆಲ್ ಕಥೆ ಏನು?" ಎಂದು ಬಲ್ಲವರು ಕೇಳಿಯಾರು. ಕೇಳಬೇಕಾದ್ದೇ. ಸ್ಕಾಟ್‌ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಎಂಬವನು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆ ಕೊಂದ. ಉಗಾಂಡದ ಕರಮೋಜ ಪ್ರದೇಶದಲ್ಲಿ ತಿರುಗಿದ್ದರಿಂದ ಕರಮೋಜೊ ಬೆಲ್ ಎಂದೇ ಹೆಸರಾದ. ಆ ಆನೆಗಳಲ್ಲಿ ಬಹುಪಾಲನ್ನು ಕೊಂದದ್ದು .275 ರಿಗ್ಬಿ ಎಂಬ ಸಣ್ಣ ಕೋವಿಯಿಂದ. ಜಿಮ್ ಕಾರ್ಬೆಟ್ಟರ ಕೈಯಲ್ಲಿದ್ದದ್ದೂ ಅದೇ ಕ್ಯಾಲಿಬರಿನ ಕೋವಿ. ಅದರ ಶಕ್ತಿ ಸುಮಾರು 2,700 ಜೂಲ್, ಇವತ್ತಿನ ಕಾನೂನು ಕೇಳುವುದರ ಅರ್ಧ! ಬೆಲ್ ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಕೊಯ್ಯಿಸಿ, ಮಿದುಳು ಎಲ್ಲಿ ಕೂತಿದೆ, ಯಾವ ಕೋನದಿಂದ ನೋಡಿದರೆ ಎಲ್ಲಿ ಬರುತ್ತದೆ ಎಂದು ಕಲಿತಿದ್ದ. ಉದ್ದನೆಯ ಗಟ್ಟಿ ಗುಂಡು ಬಳಸುತ್ತಿದ್ದ. ಗುರಿ ಖಾತ್ರಿಯಾಗದಿದ್ದರೆ ಹೊಡೆಯದೆ ಕಾಯುವ ತಾಳ್ಮೆ ಇತ್ತು. ವರ್ಷಗಟ್ಟಲೆ ಅದೇ ಕಸುಬು ಮಾಡಿದವನಿಗೆ ಅದು ಸಾಧ್ಯ. ಎರಡು ವಾರದ ರಜೆಗೆ ಬಂದವನು ಬೆಲ್ಲನ ಹೆಸರು ಹೇಳಿಕೊಂಡು ಸಣ್ಣ ಕೋವಿ ಹಿಡಿದು ಹೊರಟರೆ, ಪರೀಕ್ಷೆಯ ಹಿಂದಿನ ರಾತ್ರಿ ಓದಿ ರ‍್ಯಾಂಕ್ ಬರುತ್ತೇನೆ ಅಂದಹಾಗೆ. ಕಾನೂನು ಬರೆದಿರುವುದು ಇಂಥ ನಮ್ಮಂಥವರಿಗಾಗಿ.

ಸರಿ, ದೊಡ್ಡದನ್ನೇ ಒಯ್ಯೋಣ ಅಂದರೆ ಅಲ್ಲಿಯೂ ತೊಡಕು. ಕೋವಿ ಒದೆಯುತ್ತದೆ. .30-06ಕ್ಕೆ ಹೋಲಿಸಿದರೆ .375 ಸುಮಾರು ಎರಡು ಪಟ್ಟು ಒದೆಯುತ್ತದೆ; .416 ರಿಗ್ಬಿ, .458 ವಿಂಚೆಸ್ಟರ್, .470 ನೈಟ್ರೊ ಎಕ್ಸ್‌ಪ್ರೆಸ್ ಇನ್ನೂ ಜಾಸ್ತಿ. ಭುಜದ ನೋವು ಎರಡು ದಿನದಲ್ಲಿ ಹೋದೀತು, ಮನಸ್ಸಿನ ಭಯ ಹೋಗುವುದಿಲ್ಲ. ಒದೆ ಬರುತ್ತದೆಂದು ಗೊತ್ತಿರುವವನು ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿ ಮೈ ಬಿಗಿಯುತ್ತಾನೆ. ನಳಿಗೆ ಅಲುಗುತ್ತದೆ. ಎದೆಗೆ ಹೋಗಬೇಕಾದ ಗುಂಡು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಬಿದ್ದ .470ಕ್ಕಿಂತ ಎದೆಗೆ ಬಿದ್ದ .375 ಮೇಲು ಎಂದು ಅನುಭವಸ್ಥರು ಹೇಳುವುದು ಇದಕ್ಕೇ.

ಇನ್ನು ಗುಂಡಿನ ಜಾತಿ. ಮುಖ್ಯವಾಗಿ ಎರಡು. ಮೆತ್ತನೆ ಮೂತಿಯ ಗುಂಡು ಮೈಯೊಳಗೆ ಹೊಕ್ಕೊಡನೆ ಅಣಬೆಯ ಹಾಗೆ ಅರಳಿ ಅಗಲವಾದ ಗಾಯ ಮಾಡುತ್ತದೆ. ಗಟ್ಟಿ ಗುಂಡು ಅರಳುವುದಿಲ್ಲ, ಮೂಳೆ ಸೀಳಿ ನೇರ ಹೋಗುತ್ತದೆ. ಸಿಂಹ, ಚಿರತೆ, ಜಿಂಕೆಗಳಿಗೆ ಮೆತ್ತನೆಯದು, ಆನೆಗೆ ಗಟ್ಟಿ. ಕಾಡೆಮ್ಮೆಗೆ ಮೊದಲ ಈಡು ಮೆತ್ತನೆಯದು, ಆಮೇಲಿನವು ಗಟ್ಟಿ ಎಂಬುದು ಹಳೆಯ ವಾಡಿಕೆ. ಮೊದಲೇ ಗಟ್ಟಿ ಗುಂಡು ಹೊಡೆದರೆ ಒಂದನ್ನು ತೂರಿಕೊಂಡು ಹಿಂದೆ ನಿಂತ ಇನ್ನೊಂದಕ್ಕೂ ತಗುಲಬಹುದು. ಒಂದರ ಪರವಾನಗಿ, ಎರಡು ಗಾಯ.

ಇಷ್ಟೆಲ್ಲ ತಿಳಿದ ಮೇಲೂ ಒಂದು ಜಗಳ ಉಳಿಯುತ್ತದೆ: ಜೋಡಿನಳಿಗೆಯೋ, ಬೋಲ್ಟ್ ರೈಫಲೋ? ಜೋಡಿನಳಿಗೆಯಲ್ಲಿ ಎರಡು ನಳಿಗೆ, ಎರಡು ಕುದುರೆ. ಒಂದು ಕೆಟ್ಟರೂ ಇನ್ನೊಂದಿದೆ, ಎರಡನೆಯ ಈಡಿಗೆ ಕ್ಷಣವೂ ಬೇಡ. ಬೋಲ್ಟ್ ರೈಫಲಿಗೆ ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆದು ತಳ್ಳಬೇಕು. ಆದರೆ ಹೊಟ್ಟೆಯಲ್ಲಿ ಮೂರು ನಾಲ್ಕು ತೋಟಾ ಇರುತ್ತದೆ, ದೂರಕ್ಕೂ ಗುರಿ ಚೆನ್ನಾಗಿ ಕೂರುತ್ತದೆ, ಬೆಲೆಯೂ ಬಹಳ ಕಡಿಮೆ. 1898ರ ಮೌಸರ್ ಮಾದರಿಯ ಬೋಲ್ಟನ್ನು ಇವತ್ತಿಗೂ ನಂಬುತ್ತಾರೆ. ಅದರ ಉಗುರಿನಂಥ ಕೊಂಡಿ ತೋಟಾವನ್ನು ಮೊದಲಿನಿಂದ ಕೊನೆಯವರೆಗೆ ಕಚ್ಚಿ ಹಿಡಿದಿರುತ್ತದೆ, ಗಾಬರಿಯಲ್ಲಿ ಎಳೆದರೂ ಸಿಕ್ಕಿಕೊಳ್ಳುವ ಭಯ ಕಡಿಮೆ.

ಜೋಡಿನಳಿಗೆಯ ಚರಿತ್ರೆಯಲ್ಲಿ ನಮ್ಮ ದೇಶದ ಪಾತ್ರವೂ ಇದೆ. ಇಪ್ಪತ್ತನೇ ಶತಮಾನ ಹುಟ್ಟುವ ಹೊತ್ತಿಗೆ ಭಾರೀ ಶಿಕಾರಿಗೆ .450 ಕ್ಯಾಲಿಬರೇ ರಾಜ. ಆದರೆ ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿಗೂ ಅದೇ ಅಳತೆ. ಅಂಥ ಬಂದೂಕುಗಳು ದಂಗೆಯೇಳುವವರ ಕೈಗೆ ಸಿಕ್ಕಿದ್ದವು. ಶಿಕಾರಿಯ ಹೆಸರಲ್ಲಿ ಬಂದ ಗುಂಡು ಅವರ ಕೈಗೂ ಹೋದೀತೆಂಬ ಅಂಜಿಕೆಯಿಂದ ಸರಕಾರ 1907ರಲ್ಲಿ ಭಾರತಕ್ಕೂ ಸುಡಾನಿಗೂ.450 ತರುವುದನ್ನು ನಿಷೇಧಿಸಿತು. ಇಷ್ಟು ದೊಡ್ಡ ಮಾರುಕಟ್ಟೆ ಬಿಡಲು ಲಂಡನ್ನಿನ ಕೋವಿ ಕಂಪನಿಗಳು ಸಿದ್ಧವಿದ್ದಾವೆಯೇ? .465, .470, .475 ಎಂದು ಕೂದಲೆಳೆಯಷ್ಟು ಬೇರೆ ಅಳತೆಗಳನ್ನು ಚಾಲ್ತಿಗೆ ತಂದವು. ಇವತ್ತು ಆಫ್ರಿಕದ ಜೋಡಿನಳಿಗೆಯೆಂದರೆ ನೆನಪಾಗುವ .470 ಮೇಲೆದ್ದದ್ದು ಹೀಗೆ, ಭಾರತದ ಒಂದು ನಿಷೇಧದಿಂದ!

ಕೊನೆಗೆ ಪೆಟ್ಟಿಗೆಯಲ್ಲಿ ಏನು ಹೋಗುತ್ತದೆ? ಬರೀ ಜಿಂಕೆಯಾದರೆ ಒಂದು .30-06 ಅಥವಾ ಅದರ ಸುತ್ತಮುತ್ತಲಿನದು ಸಾಕು. ಕಾಡೆಮ್ಮೆಯೂ ಇದ್ದರೆ ಒಂದು .375. ಅದರಲ್ಲೇ ಜಿಂಕೆಯೂ ಆಗುತ್ತದೆ. ಎರಡು ಒಯ್ಯುವವರು ಇವೆರಡನ್ನೇ ಒಯ್ಯುತ್ತಾರೆ, ಅಥವಾ .375ರ ಬದಲು .416. ವಿಮಾನದಲ್ಲಿ ತೋಟಾ ಒಬ್ಬರಿಗೆ ಸಾಮಾನ್ಯವಾಗಿ 5 ಕಿಲೋ ಮಾತ್ರ. ದಾರಿಯಲ್ಲಿ ಪೆಟ್ಟಿಗೆ ಕಳೆದರೆ .30-06, .375ರ ತೋಟಾ ಅಲ್ಲಿ ಅಂಗಡಿಯಲ್ಲಿ ಸಿಕ್ಕೀತು. ಅಪರೂಪದ ಅಳತೆಯಾದರೆ ಕೋವಿ ಬರೀ ದೊಣ್ಣೆ. ಹಾಗಾಗಿ ಹೊಸ ಕೋವಿಗೆ ಸುರಿಯುವ ದುಡ್ಡಿನಲ್ಲಿ ಅರ್ಧವನ್ನು ತೋಟಾಕ್ಕೆ ಹಾಕಿ, ಹೊರಡುವ ಮೊದಲು ನಿಂತು, ಕೂತು, ಕೋಲಿಗೆ ಆನಿಸಿ ಹೊಡೆದು ರೂಢಿಮಾಡಿಕೊಳ್ಳಿ ಎಂದೇ ಬುದ್ಧಿವಾದ.

ಈಗ ಮಕೋಂಬರನ ಕಡೆಗೆ ತಿರುಗೋಣ. ಅವನ .30-06 ಸಿಂಹಕ್ಕೆ ಸಾಲದ ಕೋವಿಯಲ್ಲ. ಹೆಮಿಂಗ್ವೇ ಸ್ವತಃ 1933-34ರ ಸಫಾರಿಗೆ ಒಯ್ದಿದ್ದೂ .30-06 ಸ್ಪ್ರಿಂಗ್‌ಫೀಲ್ಡನ್ನೇ. ಆದರೆ ಕಥೆಯಲ್ಲಿ ಅದರೊಳಗಿದ್ದದ್ದು 220 ಗ್ರೇನಿನ ಗಟ್ಟಿ ಗುಂಡು. ಇಂದಿನ ಶಿಕಾರಿಗಳಾದರೆ ಸಿಂಹಕ್ಕೆ ಮೆತ್ತನೆಯದನ್ನು ತುಂಬುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹೆದರಿದ ಕೈಯಿಂದ ಹೊರಟ ಗುಂಡು ಹೋದದ್ದು ಹೊಟ್ಟೆಗೆ. ಅದನ್ನು ಹಾಗೇ ಬಿಟ್ಟು ಹೋಗೋಣ ಅಂತಾನೆ ಮಕೋಂಬರ್. ಆಗದು ಅಂತಾನೆ ವಿಲ್ಸನ್: ಪ್ರಾಣಿ ನರಳುತ್ತಿದೆ, ಮೇಲಾಗಿ ಬೇರೆ ಯಾರಾದರೂ ಅದಕ್ಕೆ ಎದುರಾದಾರು. ವಿಲ್ಸನ್ನನ .505 ಇರುವುದು ಆ ಹೊತ್ತಿಗಾಗಿ. ಬೇಟೆಗಿಂತ ಹೆಚ್ಚಾಗಿ, ಇನ್ನೊಬ್ಬ ಕೆಡಿಸಿಟ್ಟದ್ದನ್ನು ಹತ್ತು ಹೆಜ್ಜೆಯಲ್ಲಿ ನಿಲ್ಲಿಸುವ ಕೋವಿ ಅದು.

ನನ್ನ ಅಜ್ಜ ತೀರ್ಥಹಳ್ಳಿ ಕಡೆಯವರು. ಕಾಯ್ದೆ ಬರುವ ಮೊದಲು ಹಂದಿ ಶಿಕಾರಿಗೆ ಹೋಗುತ್ತಿದ್ದವರು. ಒಮ್ಮೆ ಅವರ ಈಡು ತಪ್ಪಿ, ಗಾಯದ ಹಂದಿ ಹಳುವಿಗೆ ಹೊಕ್ಕಿತಂತೆ. ಮಾರನೇ ಬೆಳಿಗ್ಗೆ ರಕ್ತದ ಜಾಡು ಹಿಡಿದು ಮುಂದೆ ನಡೆದದ್ದು ಅಜ್ಜ ಅಲ್ಲ, ತೋಟದ ಕೆಲಸದಾಳು. ಕೈಯಲ್ಲಿ ಕತ್ತಿ ಒಂದೇ. ಅವನ ತೊಡೆಯ ಮೇಲೆ ಹಂದಿ ಸೀಳಿದ ಗುರುತು ಕೊನೆತನಕ ಉಳಿಯಿತು. "ಕೋವಿ ನಂದು, ತಪ್ಪು ನಂದು, ಗಾಯ ಅವನ್ದು" ಅಂತ ಅಜ್ಜ ಹೇಳುತ್ತಿದ್ದರು. ಆಮೇಲೆ ಅವರು ಕೋವಿ ಮುಟ್ಟಲಿಲ್ಲ. ಆಫ್ರಿಕದಲ್ಲೂ ಜಾಡು ಹಿಡಿದು ಮುಂದೆ ನಡೆಯುವವನು ಹೆಚ್ಚಾಗಿ ಬರಿಗೈಯವನೇ. ದುಡ್ಡು ಕೊಟ್ಟು ಬಂದವನು ಆರಿಸುವ ಕೋವಿಯ ಮೇಲೆ ಅವನ ಜೀವ ನಿಂತಿರುತ್ತದೆ.

ಇದು ಧಾರವಾಡದ ಗೆಳೆಯನಿಗೆ ನನ್ನ ಉತ್ತರ. ಒಪ್ಪದಿದ್ದರೆ ಶನಿವಾರ ಸಂಘದ ಕೋಣೆಗೆ ಬಂದು ವಾದಿಸಲಿ. ಈ ಸಲ ಚಹಾದ ದುಡ್ಡು ಅವನದು.