ನೋವಿಲ್ಲದ ದಿನದ ಮಾತ್ರೆ

ಹಣಕಾಸು ಇಲಾಖೆಯಲ್ಲಿದ್ದಾಗ ಕೆರೆ ಏರಿಗಳ ನಿರ್ವಹಣಾ ಅನುದಾನವನ್ನು ಕಡಿತಗೊಳಿಸುವ ಟಿಪ್ಪಣಿಗಳನ್ನು ನಾನೇ ಬರೆದದ್ದುಂಟು. ಏರಿ ಒಡೆದಿಲ್ಲವಲ್ಲ, ಈ ವರ್ಷ ಹಣವೇಕೆ ಎಂಬುದು ನಮ್ಮ ವಾದ. ನಿವೃತ್ತಿಯ ಬಳಿಕ ಅದೇ ವಾದವನ್ನು ನನ್ನ ದೇಹದ ಮೇಲೂ ಪ್ರಯೋಗಿಸಿದೆ.

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದಂತೆ ಮಂಡಿ ಸವೆಯುವ ಸಂಧಿವಾತವಲ್ಲ ಇದು. ಸೋಂಕಿನೊಡನೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ. ಬೆಳಿಗ್ಗೆ ಬಿಗಿದುಕೊಂಡ ಬೆರಳುಗಳು ತಾಸು ಕಳೆದರೂ ಸಡಿಲವಾಗವು. ಮೂರು ದಶಕ ಕಡತಗಳಿಗೆ ಸಹಿ ಹಾಕಿದ ಕೈಯ ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನವರು ಚೆಕ್ ಹಿಂದಿರುಗಿಸಿದ ದಿನ ವೈದ್ಯರಲ್ಲಿಗೆ ಹೋದೆ.

ಅವರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ಇದು ವಾರಕ್ಕೊಮ್ಮೆ ಮಾತ್ರ ನುಂಗುವ ಔಷಧ; ತಪ್ಪು ತಿಳಿದು ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಜೊತೆಗೆ ಫೋಲಿಕ್ ಆಮ್ಲ, ಯಕೃತ್ತು ಮತ್ತು ರಕ್ತಕಣಗಳ ನಿಯತ ತಪಾಸಣೆ. ಸಿಗರೇಟು ಈ ಕಾಯಿಲೆಯನ್ನು ಕೆರಳಿಸುತ್ತದೆಂದು ಅದನ್ನೂ ಬಿಡಿಸಿದರು. ವರ್ಷದೊಳಗೆ ಇಎಸ್‌ಆರ್, ಸಿಆರ್‌ಪಿ ಎರಡೂ ಸಹಜಕ್ಕೆ ಬಂದವು. ನೋವಿಲ್ಲ, ಬಾವಿಲ್ಲ. ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದೆ.

ಎರಡು ತಿಂಗಳಲ್ಲಿ ಮಣಿಕಟ್ಟು ಊದಿಕೊಂಡಿತು. ನಲ್ಲಿ ತಿರುಗಿಸಲಾಗದು, ಅಂಗಿಯ ಗುಂಡಿ ಹಾಕಲಾಗದು. ಹಿತೈಷಿಯೊಬ್ಬರು ಹೆಸರಿಲ್ಲದ ಪುಡಿಯೊಂದನ್ನು ತಂದುಕೊಟ್ಟರು; ಒಂದೇ ದಿನದಲ್ಲಿ ಗುಣವಂತೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಇದೇ ಕಾಯಿಲೆಗೆ ಕಾರ್ಟಿಸೋನ್ ನೀಡಿದಾಗಲೂ ಪವಾಡವೆಂದೇ ತೋರಿತ್ತು. 1950ರಲ್ಲಿ ಅವರಿಗೆ ನೊಬೆಲ್ ಬಂತು. ಮೂಳೆ ಸವೆತ, ಸಕ್ಕರೆ ಏರಿಕೆಗಳ ಲೆಕ್ಕ ಸಿಕ್ಕಿದ್ದು ಆಮೇಲೆ. ಪುಡಿ ಕಸದ ಬುಟ್ಟಿ ಸೇರಿತು.

“ವರದಿ ಚೆನ್ನಾಗಿದ್ದುದೇ ಮಾತ್ರೆಯಿಂದ, ಸರ್,” ಎಂದರು ವೈದ್ಯರು. ಔಷಧ ತಗ್ಗಿಸಬಹುದು, ಆದರೆ ತಿಂಗಳುಗಟ್ಟಲೆ ಸ್ಥಿರವಾಗಿದ್ದ ಮೇಲೆ, ಅವರ ಕಣ್ಗಾವಲಿನಲ್ಲಿ, ಹಂತಹಂತವಾಗಿ. ಬಾವು ಇಳಿಯಿತು. ಬಲಗೈಯ ನಡುಬೆರಳು ಮಾತ್ರ ಓರೆಯಾಗಿಯೇ ಉಳಿದಿದೆ. ಸವೆದ ಕೀಲನ್ನು ಯಾವ ಮಾತ್ರೆಯೂ ಮರಳಿಸದು.

ನನ್ನ ವಿಮೆಯ ತರ್ಕವೂ ನಮ್ಮ ಹಳೆಯ ಟಿಪ್ಪಣಿಯಂತೆಯೇ ಇದೆ. ಕೀಲು ಬದಲಿಸಿಕೊಂಡರೆ ಲಕ್ಷಗಟ್ಟಲೆ ಭರಿಸುತ್ತದೆ. ಕೀಲನ್ನು ಉಳಿಸುವ ಮಾತ್ರೆಗೂ ರಕ್ತಪರೀಕ್ಷೆಗೂ ಪೈಸೆಯಿಲ್ಲ. ಆಯುಷ್ಮಾನ್ ಭಾರತದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆಯೂ, 2024ರಲ್ಲಿ 70 ದಾಟಿದವರೆಲ್ಲರಿಗೆ ವಿಸ್ತರಿಸಿದ ಸೌಲಭ್ಯವೂ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೇ. ಮೆಥೊಟ್ರೆಕ್ಸೇಟ್ ಅಗ್ಗ, ನನ್ನ ಪಿಂಚಣಿ ತಡೆದೀತು. ಅದಕ್ಕೆ ಬಗ್ಗದವರು ಬಯಲಾಜಿಕ್ ಚುಚ್ಚುಮದ್ದಿಗೆ ಮೊರೆಹೋಗಬೇಕು. ದೇಶೀಯ ಬಯೋಸಿಮಿಲರ್‌ಗಳು ಬಂದ ಮೇಲೂ ಅದರ ಬೆಲೆ ಸಂಬಳದಾರನ ಕೈಗೆ ಭಾರ. ಒಂದು ಕಂತು ಬಿಟ್ಟರಾಯಿತು ಎಂದು ಅವನು ಯೋಚಿಸುವುದು ಅಲ್ಲಿಯೇ.

ದೀರ್ಘಕಾಲಿಕ ಕಾಯಿಲೆಗಳ ಹೊರರೋಗಿ ವೆಚ್ಚಕ್ಕೆ ವಿಮೆಯಲ್ಲಿ ಒಂದು ಕಾಲಂ ತೆರೆದರೆ ಬೊಕ್ಕಸ ಬರಿದಾಗದು. ಈ ಟಿಪ್ಪಣಿಯನ್ನು ನಾನು ಕಚೇರಿಯಲ್ಲಿದ್ದಾಗಲೇ ಬರೆಯಬೇಕಿತ್ತು.