ಮಕ್ಕಳ ಕವಿಯ ಸಾಹಿತ್ಯ ಪರಿಚಾರಿಕೆ

ಮಕ್ಕಳಿಗಾಗಿ ಬರೆಯುವವರ ಹೊಣೆ ಬರೆದ ಮಾತ್ರಕ್ಕೆ ತೀರುವುದಿಲ್ಲ. ದೊಡ್ಡವರು ತಮಗೆ ಬೇಕಾದ ಪುಸ್ತಕವನ್ನು ತಾವೇ ಅರಸಿ ಕೊಂಡುಕೊಳ್ಳಬಲ್ಲರು. ಮಗು ಹಾಗೆ ಮಾಡಲಾರದು. ಪುಸ್ತಕವು ಅದರ ಕೈ ಸೇರಬೇಕಾದರೆ ತಾಯಿತಂದೆಗಳು, ಉಪಾಧ್ಯಾಯರು, ಶಾಲೆ, ಸಂಘ, ದಾನಿಗಳು ಎಲ್ಲರೂ ನಡುವೆ ನಿಂತು ನೆರವಾಗಬೇಕು. ಆದುದರಿಂದಲೇ ಕನ್ನಡದ ಶಿಶುಸಾಹಿತ್ಯವನ್ನು ಬೆಳೆಸಿದ ಹಿರಿಯರಲ್ಲಿ ಅನೇಕರು ಸಂಸ್ಥೆಗಳನ್ನೂ ಬೆಳೆಸಿದರು. ಪಂಜೆ ಮಂಗೇಶರಾಯರು ೧೯೨೧ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. ಈ ಪರಂಪರೆಯಲ್ಲಿ ನಮ್ಮ ಸೀಮೆಗೆ ಅತ್ಯಂತ ನಿಕಟರಾದವರು ಜಿ. ಪಿ. ರಾಜರತ್ನಂ ಅವರು.

ಗುಂಡ್ಲು ಪಂಡಿತ ರಾಜರತ್ನಂ ಅವರ ಹುಟ್ಟೂರು ರಾಮನಗರ. ಅಂದಿನ ಹೆಸರು ಕ್ಲೋಸ್‌ಪೇಟೆ. ಹಳೆಯ ಬೆಂಗಳೂರು ಜಿಲ್ಲೆಯು ೧೯೮೬ರಲ್ಲಿ ಇಬ್ಭಾಗವಾದಾಗ ಈ ಊರು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳೊಂದಿಗೆ ಗ್ರಾಮಾಂತರ ಜಿಲ್ಲೆಗೆ ಸೇರಿ, ೨೦೦೭ರವರೆಗೆ ಅದರಲ್ಲಿಯೇ ಇದ್ದಿತು. ಅವರ ತಂದೆಯವರು ಉಪಾಧ್ಯಾಯರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೩೧ರಲ್ಲಿ ಕನ್ನಡ ಎಂ.ಎ. ಪದವಿಯನ್ನು ಪಡೆದ ಬಳಿಕ ರಾಜರತ್ನಂ ಅವರೂ ಕೆಲಕಾಲ ಎಳೆಯ ಮಕ್ಕಳಿಗೆ ಪಾಠ ಹೇಳಿದರು. ಉನ್ನತ ಪದವೀಧರನೊಬ್ಬನು ಪುಟ್ಟ ಮಕ್ಕಳ ನಡುವೆ ಕುಳಿತ ಈ ಅವಧಿಯು ಕನ್ನಡಕ್ಕೆ ದೊಡ್ಡ ಲಾಭವನ್ನೇ ತಂದಿತು. ‘ತುತ್ತೂರಿ’ಯ ಶಿಶುಗೀತೆಗಳು ಹುಟ್ಟಿದುದು ಆ ಅನುಭವದಿಂದ.

ಈ ಗೀತೆಗಳು ತಲೆಮಾರುಗಳನ್ನು ದಾಟಿ ಉಳಿದುದರ ಕಾರಣವನ್ನು ಉಪಾಧ್ಯಾಯರು ವಿಚಾರಿಸಿ ನೋಡಬೇಕು. ಪದಗಳು ಮಗುವಿನ ಮನೆಯವು, ಒತ್ತಕ್ಷರಗಳು ವಿರಳ, ಸಾಲುಗಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕವು, ತಾಳವು ಚಪ್ಪಾಳೆಗೆ ಹೊಂದುವಂಥದು. ನಾಯಿಮರಿಯ ಪದ್ಯವು ಆದ್ಯಂತವಾಗಿ ಪ್ರಶ್ನೋತ್ತರದ ರೂಪದಲ್ಲಿದೆ. ತರಗತಿಯಲ್ಲಿ ಒಂದು ಮಗು ಕೇಳಿ, ಇನ್ನೊಂದು ಮಗು ನಾಯಿಮರಿಯಾಗಿ ಉತ್ತರಿಸಿದರೆ ಅದೇ ಒಂದು ಕಿರುನಾಟಕವಾಗುತ್ತದೆ. ತುತ್ತೂರಿಯ ಪದ್ಯದಲ್ಲಿ ಬಣ್ಣದ ಆಟಿಕೆಯನ್ನು ಕೊಂಡ ಹುಡುಗನು ತನಗೆ ಸಮಾನರಿಲ್ಲವೆಂದು ಬೀಗುತ್ತ ನಡೆಯುವಾಗ ಆ ಆಟಿಕೆಯು ಕೊಳದ ನೀರಿಗೆ ಜಾರಿ ಬೀಳುತ್ತದೆ. ತುತ್ತೂರಿಯ ದನಿಯೂ ಅಡಗುತ್ತದೆ, ಜಂಬವೂ ಇಳಿಯುತ್ತದೆ. ನೀತಿ ಇಲ್ಲಿ ಇದ್ದೇ ಇದೆ. ಆದರೆ ಮಗು ಮೊದಲು ನಗುತ್ತದೆ, ಅನಂತರ ತಾನಾಗಿ ತಿಳಿಯುತ್ತದೆ. ಉಪದೇಶವನ್ನು ನಗೆಯ ಹಿಂದೆ ಇರಿಸಿದ ಈ ಜಾಣ್ಮೆಯೇ ರಾಜರತ್ನಂ ಅವರ ಶಿಶುಕಾವ್ಯದ ಜೀವಾಳ.

ಅವರ ಲೇಖನಿ ಮಕ್ಕಳ ಪದ್ಯಕ್ಕಷ್ಟೇ ಮೀಸಲಾಗಿರಲಿಲ್ಲ. ಮದ್ಯವನ್ನೇ ಮುಟ್ಟದ ಅವರು ಕುಡುಕ ರತ್ನನ ಬಾಯಿಂದ ಬಡವನ ಆಡುಮಾತಿನಲ್ಲಿ ಹಾಡಿಸಿದ ‘ರತ್ನನ ಪದಗಳು’ ಮನೆಮಾತಾದವು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹಿತವಚನವನ್ನು ಶಿರಸಾವಹಿಸಿ ಪಾಲಿ ಭಾಷೆಯನ್ನು ಕಲಿತು, ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು. ಆದರೂ ಕವಿ, ವಿದ್ವಾಂಸ ಎಂಬ ಬಿರುದುಗಳಿಗಿಂತ ‘ಸಾಹಿತ್ಯ ಪರಿಚಾರಕ’ ಎಂಬ ಹೆಸರೇ ಅವರಿಗೆ ಹೆಚ್ಚು ಒಪ್ಪಿತು. ಪರಿಚಾರಕನೆಂದರೆ ಸೇವೆ ಮಾಡುವವನು. ಸಿದ್ಧವಾದ ಅಡುಗೆಯನ್ನು ಪಂಕ್ತಿಯಲ್ಲಿ ಕುಳಿತ ಪ್ರತಿಯೊಬ್ಬರ ಎಲೆಗೂ ಮುಟ್ಟಿಸುವವನು.

ಈ ಹೆಸರು ಸಾರ್ಥಕವಾದುದು ಅವರ ಅಧ್ಯಾಪಕ ಜೀವನದಲ್ಲಿ. ೧೯೩೮ರಲ್ಲಿ ಕನ್ನಡ ಪಂಡಿತರಾಗಿ ಸೇವೆಗೆ ಸೇರಿದ ಅವರು ಮೈಸೂರು, ಬೆಂಗಳೂರು, ಶಿವಮೊಗ್ಗ, ತುಮಕೂರುಗಳಲ್ಲಿ ಪಾಠ ಹೇಳಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಸಂಸ್ಥೆ. ೧೯೧೯ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆಯು ಹುಟ್ಟಿದುದು ಅದರ ಮಡಿಲಿನಲ್ಲಿ. ಆ ಸಂಘದ ಪರಂಪರೆಯನ್ನು ರಾಜರತ್ನಂ ಅವರು ತಮ್ಮದೇ ರೀತಿಯಲ್ಲಿ ಮುಂದುವರಿಸಿದರು. ವಿದ್ಯಾರ್ಥಿಗಳಿಂದ ಬರೆಯಿಸಿದರು, ಬರೆದುದನ್ನು ತಿದ್ದಿದರು, ತಿದ್ದಿದುದನ್ನು ಅಚ್ಚು ಹಾಕಿಸಿದರು. ಅಷ್ಟಕ್ಕೇ ನಿಲ್ಲದೆ ಪುಸ್ತಕದ ಕಟ್ಟುಗಳನ್ನು ತಾವೇ ಹೊತ್ತು ತಂದು, ಬಂದವರ ಮುಂದಿಟ್ಟು ಮಾರಿದರು. ಪ್ರಾಧ್ಯಾಪಕನು ಪುಸ್ತಕ ಮಾರುವುದು ಗೌರವಕ್ಕೆ ಕುಂದೆಂಬ ಸಂಕೋಚವು ಅವರಿಗೆ ಇರಲಿಲ್ಲ. ಓದುಗನ ಕೈ ಸೇರದ ಪುಸ್ತಕವು ಅಚ್ಚಾದರೂ ಅಚ್ಚಾಗದಂತೆಯೇ ಎಂಬುದನ್ನು ಅವರ ನಡೆಯೇ ಸಾರುತ್ತಿತ್ತು.

ಈ ಪರಿಚಾರಿಕೆಯ ಫಲವನ್ನು ನಮ್ಮ ಜಿಲ್ಲೆಯು ಹತ್ತಿರದಿಂದ ಕಂಡಿದೆ. ದೇವನಹಳ್ಳಿಯಲ್ಲಿ ೧೯೩೬ರಲ್ಲಿ ಜನಿಸಿದ ಕೆ. ಎಸ್. ನಿಸಾರ್ ಅಹಮದ್ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದುದು ಭೂವಿಜ್ಞಾನವನ್ನು. ಕಲ್ಲು-ಖನಿಜಗಳನ್ನು ಅಭ್ಯಸಿಸುತ್ತಿದ್ದ ಈ ತರುಣನಿಗೆ ಅಲ್ಲಿ ರಾಜರತ್ನಂ, ವಿ. ಸೀತಾರಾಮಯ್ಯ, ಎಂ. ವಿ. ಸೀತಾರಾಮಯ್ಯ, ಎಲ್. ಗುಂಡಪ್ಪ ಮೊದಲಾದ ಗುರುಗಳ ಸಹವಾಸವು ದೊರೆಯಿತು. ಮುಂದೆ ಅವರ ‘ನಿತ್ಯೋತ್ಸವ’ದ ಗೀತೆಯು ನಾಡಿನ ಪ್ರತಿಯೊಂದು ಶಾಲೆಯ ಅಂಗಳಕ್ಕೂ ಬಂದಿತು. ಗುರುವು ೧೯೭೮ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಶಿಷ್ಯರು ೨೦೦೬ರಲ್ಲಿ ಶಿವಮೊಗ್ಗದ ಸಮ್ಮೇಳನದಲ್ಲಿ ಅದೇ ಪೀಠವನ್ನು ಅಲಂಕರಿಸಿದರು. ರಾಜರತ್ನಂ ಅವರು ೧೯೭೯ರಲ್ಲಿಯೂ ನಿಸಾರ್ ಅವರು ೨೦೨೦ರಲ್ಲಿಯೂ ಕಾಲವಶರಾದರು. ರಾಮನಗರದಲ್ಲಿ ಹುಟ್ಟಿದ ಗುರುವೂ ದೇವನಹಳ್ಳಿಯಲ್ಲಿ ಹುಟ್ಟಿದ ಶಿಷ್ಯನೂ ಭೇಟಿಯಾದುದು ಒಂದು ಕಾಲೇಜಿನ ಆವರಣದಲ್ಲಿ ಎಂಬುದನ್ನು ವಿದ್ಯಾಸಂಸ್ಥೆಗಳನ್ನು ನಡೆಸುವವರು ಮರೆಯಬಾರದು.

ಇಂದು ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ. ನೆಲಮಂಗಲ, ಹೊಸಕೋಟೆಗಳನ್ನು ನಗರವು ಬಂದು ಮುಟ್ಟಿದೆ. ಅಜ್ಜಿಯ ತೊಡೆಯ ಮೇಲೆ ಪದ್ಯ ಕಲಿಯುವ ಭಾಗ್ಯವು ಎಲ್ಲ ಮಕ್ಕಳಿಗೂ ಉಳಿದಿಲ್ಲ. ಹೀಗಿರುವಾಗ ಮೊದಲ ತರಗತಿಯ ಉಪಾಧ್ಯಾಯರು ಹೇಳಿಕೊಡದಿದ್ದರೆ ತುತ್ತೂರಿಯ ಪದ್ಯವನ್ನು ಮಗುವಿಗೆ ಹೇಳಿಕೊಡುವವರು ಯಾರು? ಒಂದು ತಲೆಮಾರಿನ ಬಾಯಿಯಲ್ಲಿ ಪದ್ಯವು ನಿಂತುಹೋದರೆ ಮುಂದಿನ ತಲೆಮಾರಿಗೆ ಅದು ಗ್ರಂಥಾಲಯದ ಧೂಳಿನಲ್ಲಿ ಮಾತ್ರ ಉಳಿದೀತು.

ಇದಕ್ಕೆ ಬೇಕಾದುದು ಮಹಾ ಯೋಜನೆಯೇನೂ ಅಲ್ಲ. ವಾರಕ್ಕೊಂದು ಅವಧಿಯನ್ನು ಪದ್ಯ ಹಾಡುವುದಕ್ಕೂ ಕಥೆ ಹೇಳುವುದಕ್ಕೂ ಮೀಸಲಿಡಬಹುದು. ಮಕ್ಕಳಿಂದಲೇ ಕೈಬರಹದ ಪತ್ರಿಕೆಯೊಂದನ್ನು ಹೊರಡಿಸಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಯ ಪ್ರತಿ ತರಗತಿಗೂ ಪುಸ್ತಕಗಳ ಬೀರುವೊಂದನ್ನು ಒದಗಿಸಬಹುದು. ಆ ಬೀರುವಿಗೆ ಬೀಗ ಹಾಕದಿರುವುದು ಉಪಾಧ್ಯಾಯರ ಕೆಲಸ. ಹುಟ್ಟುಹಬ್ಬದ ದಿನ ಸಿಹಿಯೊಡನೆ ಒಂದು ಪುಸ್ತಕವನ್ನೂ ಶಾಲೆಗೆ ಕೊಡುವ ರೂಢಿಯನ್ನು ತಾಯಿತಂದೆಗಳು ಬೆಳೆಸಬಹುದು. ಕವಿತೆ ಬರೆಯುವ ಶಕ್ತಿಯು ಎಲ್ಲರಿಗೂ ಒಲಿಯುವುದಿಲ್ಲ. ಬರೆದುದನ್ನು ಮಗುವಿನ ಕೈಗೆ ಮುಟ್ಟಿಸುವ ಪರಿಚಾರಿಕೆಯಂತೂ ಯಾರಿಗೂ ನಿಲುಕದ ಕಾರ್ಯವಲ್ಲ. ಪುಸ್ತಕದ ಕಟ್ಟನ್ನು ಹೆಗಲಿಗೇರಿಸಿ ನಡೆದ ಆ ಹಿರಿಯರಿಗೆ ಸಲ್ಲಬೇಕಾದ ನಿಜವಾದ ಗೌರವ ಇದೇ ಆಗಿದೆ.